ಮಂಚದಿಂದ ಬಚ್ಚಲಿಗೆ ಹತ್ತು ಹೆಜ್ಜೆ

ಮುಂಬಯಿಯ ಜೋಗೇಶ್ವರಿಯ ಒಂದು ಸಾಧಾರಣ ಮನೆಯಲ್ಲಿ ಮಂಚದಿಂದ ಬಚ್ಚಲಿಗೆ ಹತ್ತು ಹೆಜ್ಜೆ ದೂರ. ಚಾಳಿನ ಖೋಲಿಯಾದರೆ ಐದಾರು ಹೆಜ್ಜೆ ಸಾಕು. ಆದರೆ ಎಪ್ಪತ್ತೈದು ದಾಟಿದವರು ರಾತ್ರಿ ಎರಡು ಗಂಟೆಗೆ ಎದ್ದು ಆ ಹತ್ತು ಹೆಜ್ಜೆ ಇಡುವಾಗ ದಾರಿಯಲ್ಲಿ ಏನೇನು ಸಿಗುತ್ತದೆ ಎಂದು ಒಮ್ಮೆ ಎಣಿಸಿ ನೋಡಬೇಕು. ಅಡಿಯಲ್ಲಿ ಪೆಟ್ಟಿಗೆ, ಡಬ್ಬಿ ತುರುಕಲು ಜಾಗವಾಗಲಿ ಎಂದು ಮಂಚವನ್ನು ಇಟ್ಟಿಗೆಯ ಮೇಲೆ ಏರಿಸಿದ್ದಾರೆ. ಅಂಚಿನಲ್ಲಿ ಕುಳಿತರೆ ಪಾದ ನೆಲಕ್ಕೆ ತಾಗುವುದಿಲ್ಲ. ಕೆಳಗೆ ಚಾಪೆಯ ಮೇಲೆ ಮೊಮ್ಮಕ್ಕಳು ಮಲಗಿದ್ದಾರೆ. ನೆಲದ ಮೇಲೆ ಮೊಬೈಲ್ ಚಾರ್ಜರಿನ ವಯರು ಹಾದುಹೋಗಿದೆ. ಬಚ್ಚಲಿನ ಬಾಗಿಲಲ್ಲಿ ಅಂಚು ಮಡಿಸಿಕೊಂಡ ಕಾಲೊರಸು. ಅದರಾಚೆ ಮೋರಿಯ ಕಟ್ಟೆ, ಕಟ್ಟೆಯ ಒಳಗೆ ಒದ್ದೆ ನೆಲ, ನೀರಿನ ಡ್ರಮ್ಮು, ಬಾಲ್ದಿ. ಕೈಗೆ ಸಿಗುವುದು ಎರಡು ಸಣ್ಣ ಸ್ಕ್ರೂಗಳ ಮೇಲೆ ನಿಂತ ಟವೆಲ್ ಸರಳು ಮಾತ್ರ. ಮಲಗಿದವರಿಗೆ ಎಚ್ಚರವಾದೀತೆಂದು ಹಿರಿಯರು ದೀಪ ಹಾಕುವುದಿಲ್ಲ.

ಮರುದಿನ ಯಾರಾದರೂ ಕೇಳಿದರೆ ಮನೆಯವರ ಉತ್ತರ ಒಂದೇ: ‘ವಯಸ್ಸಾಯಿತಲ್ಲ, ಕಾಲು ಜಾರಿತು.’ ವಯಸ್ಸಿನ ಮೇಲೆ ಹೊರಿಸಿದ ಕೂಡಲೇ ವಿಚಾರಣೆ ಮುಗಿಯುತ್ತದೆ. ಮಂಚದ ಎತ್ತರ, ಕಟ್ಟೆ, ಕತ್ತಲೆ, ವಯರು, ಸಂಜೆ ನುಂಗಿದ ಮಾತ್ರೆ ಇವುಗಳ ಹೆಸರೇ ಬರುವುದಿಲ್ಲ. ವಯಸ್ಸನ್ನು ಯಾರೂ ಇಳಿಸಲಾರರು. ಉಳಿದ ಎಲ್ಲವನ್ನೂ ಸರಿಪಡಿಸಬಹುದು; ಹೆಚ್ಚಿನವಕ್ಕೆ ದೊಡ್ಡ ಖರ್ಚೂ ಇಲ್ಲ. ಮುಂಬಯಿಯ ಕನ್ನಡಿಗರ ಮನೆಗಳು ಈಗ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಾತು ಇದು: ಬದಲಾಗಬೇಕಾದದ್ದು ಮನೆ. ಹಿರಿಯರ ಓಡಾಟವನ್ನು ಕತ್ತರಿಸುವುದು ಪರಿಹಾರವಲ್ಲ.

ಲೆಕ್ಕಕ್ಕೆ ಸಿಗದ ಅಪಘಾತ

ಮುಂಬಯಿಯಲ್ಲಿ ಅಪಘಾತ ಎಂದರೆ ಲೋಕಲ್ ರೈಲು, ಹೆದ್ದಾರಿ, ಬೈಕು. ಜೋಗೇಶ್ವರಿ ಪೂರ್ವದಲ್ಲಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಬದಿಗೆ ಮಹಾನಗರ ಪಾಲಿಕೆಯ ಬಾಳಾಸಾಹೇಬ ಠಾಕ್ರೆ ಟ್ರಾಮಾ ಕೇರ್ ಆಸ್ಪತ್ರೆ 2013ರಿಂದ ಇದೆ. ಆ ಹೆಸರು ಕೇಳಿದರೂ ನಮಗೆ ನೆನಪಾಗುವುದು ರಸ್ತೆಯ ಡಿಕ್ಕಿಯೇ. ಬಚ್ಚಲಲ್ಲಿ ಜಾರಿದ ಅಜ್ಜಿಯನ್ನು ಕರೆದುಕೊಂಡು ಹೋದವರು ಅದನ್ನು ಅಪಘಾತ ಎನ್ನಲು ಹಿಂಜರಿಯುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವುದಕ್ಕೇ. ಇಂಥ ಸಾವುಗಳಲ್ಲಿ ಶೇ 80ಕ್ಕೂ ಹೆಚ್ಚು ಸಂಭವಿಸುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಎಲ್ಲರಿಗಿಂತ ಹೆಚ್ಚು ಬಲಿಯಾಗುವವರು 60 ದಾಟಿದವರು. ವೈದ್ಯರ ಬಳಿ ಹೋಗಲೇಬೇಕಾದಷ್ಟು ಪೆಟ್ಟು ಬೀಳುವ ಪ್ರಸಂಗಗಳು ವರ್ಷಕ್ಕೆ 3.73 ಕೋಟಿ. ಭಾರತದಲ್ಲಿ 2011ರ ಜನಗಣತಿಯ ಹೊತ್ತಿಗೇ 60 ದಾಟಿದವರು 10 ಕೋಟಿಯನ್ನು ಮೀರಿದ್ದರು.

ಸಾವಿನ ಲೆಕ್ಕದ ಹೊರಗೂ ಒಂದು ನಷ್ಟವಿದೆ. ಸೊಂಟದ ಮೂಳೆ ಮುರಿದ ಹಿರಿಯರಲ್ಲಿ ಎಷ್ಟೋ ಮಂದಿ ಮೊದಲಿನಂತೆ ಒಬ್ಬರೇ ಓಡಾಡುವ ಸ್ಥಿತಿಗೆ ಮರಳುವುದಿಲ್ಲ. ಮೂಳೆ ಮುರಿಯದಿದ್ದರೂ ಧೈರ್ಯ ಮುರಿಯುತ್ತದೆ. ಬಿದ್ದ ಭಯಕ್ಕೆ ದೇವಸ್ಥಾನ ಬಿಡುತ್ತಾರೆ, ಮಾರ್ಕೆಟ್ ಬಿಡುತ್ತಾರೆ, ಕೊನೆಗೆ ಕಿಟಕಿಯ ಪಕ್ಕದ ಕುರ್ಚಿಗೆ ಅಂಟಿಕೊಳ್ಳುತ್ತಾರೆ. ಕುಳಿತಷ್ಟೂ ತೊಡೆಯ ಬಲ ಕರಗುತ್ತದೆ, ಬಲ ಕರಗಿದಷ್ಟೂ ಮತ್ತೆ ಬೀಳುವ ಸಂಭವ ಹೆಚ್ಚುತ್ತದೆ.

ಊರಿನ ಮನೆ, ಮುಂಬಯಿ ಮನೆ

ಜೋಗೇಶ್ವರಿ ಭಾಗದ ಕನ್ನಡಿಗರಲ್ಲಿ ಹಿರಿಯರು ಎರಡು ಬಗೆ. ಒಂದು ಬಗೆಯವರು ಹದಿಹರೆಯದಲ್ಲಿ ಊರು ಬಿಟ್ಟು ಬಂದು ಹೋಟೆಲುಗಳಲ್ಲಿ, ಮಿಲ್ಲುಗಳಲ್ಲಿ, ಕಚೇರಿಗಳಲ್ಲಿ ದುಡಿದವರು. ಹೋಟೆಲಿನ ಒದ್ದೆ ನೆಲದ ಮೇಲೆ ದಶಕಗಟ್ಟಲೆ ನಿಂತ ಕಾಲು ಅವರದು; ಮಂಡಿ ಸವೆದಿದೆ, ಪಾದ ಬಾತುಕೊಂಡಿದೆ. ಇನ್ನೊಂದು ಬಗೆಯವರು ಮಗನ ಅಥವಾ ಮಗಳ ಮನೆಗೆ ಊರಿನಿಂದ ಬಂದವರು. ಕೆಲವು ತಿಂಗಳು ಕುಂದಾಪುರದಲ್ಲಿ, ಕೆಲವು ತಿಂಗಳು ಜೋಗೇಶ್ವರಿಯಲ್ಲಿ. ಇವರಿಗಾಗುವ ತೊಂದರೆಯನ್ನು ನಾವು ಸಾಕಷ್ಟು ಗಮನಿಸಿಲ್ಲ.

ಊರಿನ ಮನೆಯಲ್ಲಿ ಬರಿಗಾಲಿನ ಹಿಡಿತಕ್ಕೆ ಸಿಗುವ ಹಳೆಯ ಗಾರೆ ನೆಲ, ಜಗುಲಿಯ ಕಂಬ, ಅಂಗಳದ ಬೆಳಕು. ಕತ್ತಲಲ್ಲೂ ದಾರಿ ಕಾಲಿಗೆ ಗೊತ್ತು. ಇಲ್ಲಿ ಕನ್ನಡಿಯಂತೆ ಹೊಳೆಯುವ ಲಾದಿ. ನಿದ್ದೆಗಣ್ಣಲ್ಲಿ ಎದ್ದವರ ಕಾಲು ಊರಿನ ಮನೆಯ ದಾರಿಯನ್ನೇ ಹಿಡಿಯುತ್ತದೆ. ಅಲ್ಲಿ ಬಾಗಿಲಿದ್ದ ಕಡೆ ಇಲ್ಲಿ ಗೋದ್ರೆಜ್ ಕಪಾಟು. ಹೊಸಮನೆಯ ಮೊದಲ ವಾರಗಳಲ್ಲಿ ಹಿರಿಯರ ಜೊತೆ ಹಗಲಲ್ಲೂ ರಾತ್ರಿಯಲ್ಲೂ ಬಚ್ಚಲಿನ ದಾರಿಯನ್ನು ನಡೆದು ತೋರಿಸುವುದು ಆಲಂಕಾರಿಕ ಮಾತಲ್ಲ, ನಿಜವಾಗಿ ಮಾಡಬೇಕಾದ ಕೆಲಸ.

ಜಾಗದ ಇಕ್ಕಟ್ಟು ಇದಕ್ಕೆ ಸೇರುತ್ತದೆ. ಕೊಳೆಗೇರಿ ಪುನರ್ವಸತಿ ಯೋಜನೆಯಲ್ಲಿ ಸಿಗುವ ಮನೆಯ ಅಳತೆ ಮೊದಲು 225 ಚದರಡಿ ಇತ್ತು, ಆಮೇಲೆ 269 ಆಯಿತು, ಈಗ 300. ಅಷ್ಟರಲ್ಲಿ ಮೂರು ತಲೆಮಾರು ಇರಬೇಕು. ಚಾಳು ಮತ್ತು ಬಸ್ತಿಗಳಲ್ಲಿ ಮೇಲಿನ ಮಾಳಾಕ್ಕೆ ಹತ್ತಲು ಬಹುತೇಕ ನೆಟ್ಟಗೆ ನಿಂತ ಕಬ್ಬಿಣದ ಏಣಿ. ಜೋಗೇಶ್ವರಿಯ ಪೂರ್ವ ಭಾಗದಲ್ಲಿ ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಓಣಿಗಳಲ್ಲಿ ಒಂದೊಂದು ಮೆಟ್ಟಿಲು ಒಂದೊಂದು ಎತ್ತರ. ಮಳೆನೀರು ಒಳಗೆ ಬಾರದಂತೆ ಏರಿಸಿದ ಹೊಸ್ತಿಲು. ನಲ್ಲಿ ನೀರು ನಿಗದಿತ ಹೊತ್ತಿಗಷ್ಟೇ ಬರುವುದರಿಂದ ಬೆಳಗಿನ ಜಾವ ಎದ್ದು ಡ್ರಮ್ಮು ತುಂಬುವ ಜವಾಬ್ದಾರಿಯನ್ನು ಎಷ್ಟೋ ಮನೆಗಳಲ್ಲಿ ‘ಹೇಗೂ ನಿದ್ದೆ ಬರುವುದಿಲ್ಲ’ ಎಂದು ಅಜ್ಜ-ಅಜ್ಜಿಯರೇ ವಹಿಸಿಕೊಂಡಿರುತ್ತಾರೆ. ಒದ್ದೆ ನೆಲ, ಭಾರದ ಬಾಲ್ದಿ, ಅರೆನಿದ್ದೆ ಮೂರೂ ಒಂದೇ ಹೊತ್ತಿಗೆ ಕೂಡುತ್ತವೆ. ಜೂನ್‌ನಿಂದ ನಾಲ್ಕು ತಿಂಗಳು ಮಳೆಗಾಲ. ಬಾಗಿಲಲ್ಲಿ ಸೋರುವ ಕೊಡೆ, ಮನೆಯೊಳಗೆ ಹಗ್ಗಕ್ಕೆ ಹಾಕಿದ ಬಟ್ಟೆಯಿಂದ ತೊಟ್ಟಿಕ್ಕುವ ನೀರು, ಪಾಚಿ ಹಿಡಿದ ಪ್ಯಾಸೇಜು.

ಹಲವು ಕಾರಣ ಕೂಡಿ ಒಂದು ಬೀಳುವಿಕೆ

ಬೀಳುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ ಇರುವುದಿಲ್ಲ. ಅರ್ಧ ಕಾರಣ ನೆಲದಲ್ಲಿದ್ದರೆ ಇನ್ನರ್ಧ ದೇಹದಲ್ಲಿರುತ್ತದೆ. ‘ಎದ್ದ ಕೂಡಲೇ ಕಣ್ಣು ಕತ್ತಲೆ ಬಂತು’ ಎಂದು ಹಿರಿಯರು ಹೇಳಿದರೆ ಅದನ್ನು ಗಂಭೀರವಾಗಿ ಕೇಳಿಸಿಕೊಳ್ಳಬೇಕು. ಮಲಗಿದ್ದವರು ನಿಂತಾಗ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನ ಅಂಕಿ 10ರಷ್ಟು ಕುಸಿದರೆ ವೈದ್ಯರು ಅದನ್ನು ಬೀಳುವ ಅಪಾಯದ ಲಕ್ಷಣವೆಂದು ನೋಡುತ್ತಾರೆ. ಕುಳಿತಾಗ ಮಾತ್ರ ಬಿಪಿ ನೋಡಿದರೆ ಇದು ಸಿಗುವುದಿಲ್ಲ. ನಿಲ್ಲಿಸಿಯೂ ನೋಡಿ ಎಂದು ನಾವೇ ಕೇಳಿಕೊಳ್ಳಬೇಕು.

ಮಾತ್ರೆಗಳ ಚೀಲವನ್ನು ವೈದ್ಯರ ಮುಂದೆ ಪೂರ್ತಿ ಸುರಿಯಬೇಕು. ಊರಿನ ಡಾಕ್ಟರು ಬರೆದದ್ದು, ಇಲ್ಲಿಯ ಡಾಕ್ಟರು ಬರೆದದ್ದು, ಮೆಡಿಕಲ್ ಶಾಪಿನವರು ಕೊಟ್ಟದ್ದು ಎಲ್ಲವೂ ಒಟ್ಟಿಗೆ. ನಿದ್ದೆಯ ಮಾತ್ರೆ ಈ ಪಟ್ಟಿಯಲ್ಲಿ ಮೊದಲ ಶಂಕಿತ. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟಿಗೆ ಕೊಡುವ ಕೆಲವು ಮಾತ್ರೆ, ಸಕ್ಕರೆಯನ್ನು ಅತಿಯಾಗಿ ಇಳಿಸಬಲ್ಲ ಮಾತ್ರೆ, ಇನ್ಸುಲಿನ್ ಇವೆಲ್ಲ ತಲೆ ತಿರುಗಿಸಬಲ್ಲವು. ಯಾವುದನ್ನೂ ತಾವಾಗಿ ನಿಲ್ಲಿಸಬಾರದು. ಯಾವುದನ್ನು ಇಳಿಸಬಹುದು, ಯಾವ ಹೊತ್ತಿಗೆ ತೆಗೆದುಕೊಂಡರೆ ರಾತ್ರಿ ಏಳುವುದು ತಪ್ಪುತ್ತದೆ ಎಂದು ಕೇಳಬೇಕು. ಇಲ್ಲಿ ಭಾಷೆಯದೂ ಒಂದು ಅಡ್ಡಿ. ಊರಿನಿಂದ ಬಂದ ಅಮ್ಮನಿಗೆ ಹಿಂದಿ, ಮರಾಠಿ ಬಾರದಿದ್ದರೆ ‘ಚಕ್ಕರ್’ ಎಂಬ ಒಂದೇ ಶಬ್ದದಲ್ಲಿ ಎಲ್ಲ ಮುಗಿದುಹೋಗುತ್ತದೆ. ಯಾವಾಗ, ಯಾವ ಭಂಗಿಯಲ್ಲಿ, ಊಟಕ್ಕೆ ಮೊದಲೋ ನಂತರವೋ ಎಂಬುದನ್ನು ಜೊತೆಗೆ ಹೋದವರು ಅಮ್ಮನ ಬಾಯಿಂದಲೇ ಕೇಳಿ, ಹಾಗೆಯೇ ಹೇಳಬೇಕು.

ಕಣ್ಣಿನ ಪೊರೆಯನ್ನು ‘ಇನ್ನೂ ಹಣ್ಣಾಗಲಿ’ ಎಂದು ಮುಂದೂಡುವ ಅಭ್ಯಾಸ ನಮ್ಮಲ್ಲಿ ಹಳೆಯದು. ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನಲ್ಲಿ 70 ದಾಟಿದ ಮಹಿಳೆಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಕಣ್ಣಿನ ಪೊರೆಯನ್ನು ಬೇಗ ತೆಗೆಸಿಕೊಂಡವರು ಬೀಳುವುದು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗಿತ್ತು. ದೂರಕ್ಕೂ ಓದಿಗೂ ಒಂದೇ ಕನ್ನಡಕ ಹಾಕಿ ಮೆಟ್ಟಿಲಿಳಿಯುವಾಗ ಕೆಳಗಿನ ಗಾಜಿನಲ್ಲಿ ಮೆಟ್ಟಿಲಿನ ಅಂಚು ಮಸುಕಾಗುತ್ತದೆ ಎಂಬುದೂ ನೆನಪಿರಬೇಕು.

ಮೊದಲು ಬಚ್ಚಲು

ಮನೆಯನ್ನು ಸರಿಪಡಿಸಲು ಹೊರಟವರು ಬಚ್ಚಲಿನಿಂದ ತೊಡಗಬೇಕು. ಕಮೋಡಿನ ಪಕ್ಕದಲ್ಲಿ ಒಂದು, ಸ್ನಾನದ ಜಾಗದಲ್ಲಿ ಒಂದು, ಹೀಗೆ ಎರಡು ಉಕ್ಕಿನ ಹಿಡಿಕೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಇಟ್ಟಿಗೆ ಅಥವಾ ಕಾಂಕ್ರೀಟಿನ ಗೋಡೆಗೆ ಉದ್ದನೆಯ ಆ್ಯಂಕರ್ ಬೋಲ್ಟ್ ಹಾಕಿ ಕೂರಿಸಬೇಕು. ಆಮೇಲೆ ಮನೆಯ ದಷ್ಟಪುಷ್ಟ ವ್ಯಕ್ತಿ ಜೋತುಬಿದ್ದು ಪರೀಕ್ಷಿಸಬೇಕು. ಗಾಳಿಯ ಒತ್ತಡದಲ್ಲಿ ಅಂಟಿಕೊಳ್ಳುವ ಪ್ಲಾಸ್ಟಿಕ್ ಹಿಡಿಕೆಯನ್ನು ನಂಬಬಾರದು. ಎತ್ತರವನ್ನು ಬಳಸುವವರನ್ನೇ ನಿಲ್ಲಿಸಿ, ಕೂರಿಸಿ ಗುರುತು ಹಾಕಬೇಕು. ಕೂತು ಸ್ನಾನ ಮಾಡಲು ಅಗಲ ಕಾಲಿನ, ರಬ್ಬರ್ ತಳದ ಸ್ಟೂಲು. ನೆಲಕ್ಕೆ ರಂಧ್ರವಿರುವ ರಬ್ಬರ್ ಮ್ಯಾಟು. ಸಾಬೂನಿನ ಪಸೆ ಉಳಿಯದಂತೆ ದಿನವೂ ತಿಕ್ಕುವ ಅಭ್ಯಾಸ. ಕುಕ್ಕರುಗಾಲಲ್ಲಿ ಕೂರುವ ಶೌಚಾಲಯ ಇರುವ ಮನೆಯಲ್ಲಿ ಅದರ ಮೇಲೆ ಇಡುವ ಕಮೋಡ್ ಕುರ್ಚಿ. ಸಾರ್ವಜನಿಕ ಶೌಚಾಲಯಕ್ಕೆ ಹೋಗಬೇಕಾದ ಓಣಿಯಲ್ಲಿ ರಾತ್ರಿಯ ಮಟ್ಟಿಗಾದರೂ ಮನೆಯೊಳಗೇ ಅಂಥ ಕುರ್ಚಿ ಅಥವಾ ಮೂತ್ರದ ಪಾತ್ರೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಎಂದು ಮನೆಯವರೇ ಮೊದಲು ಹೇಳಬೇಕು.

ಇನ್ನು ಚಿಲಕ. ಬಚ್ಚಲಲ್ಲಿ ಬಿದ್ದವರು ಒಳಗಿನಿಂದ ಚಿಲಕ ಹಾಕಿಕೊಂಡಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ದೇಹವೇ ಅಡ್ಡ ಬಿದ್ದಿದ್ದರೆ, ಹೊರಗಿನವರು ಬಾಗಿಲು ಒಡೆಯುವವರೆಗೆ ಕಾಯಬೇಕಾಗುತ್ತದೆ. ಹೊರಗಿನಿಂದಲೂ ತೆರೆಯಬಹುದಾದ ಬೀಗ ಹಾಕಿಸಿ. ಆಗದಿದ್ದರೆ ಚಿಲಕ ಬಿಟ್ಟು ಬಾಗಿಲ ಮೇಲೆ ಟವೆಲು ಹಾಕಿದ್ದರೆ ಒಳಗೆ ಜನ ಇದ್ದಾರೆ ಎಂದು ಮನೆಯಲ್ಲಿ ಒಪ್ಪಂದ ಮಾಡಿಕೊಳ್ಳಿ.

ಮಂಚದ ಕೆಳಗಿನ ಇಟ್ಟಿಗೆಯನ್ನು ಒಂದು ಸುತ್ತು ಇಳಿಸಿ. ಅಂಚಿನಲ್ಲಿ ಕುಳಿತಾಗ ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಬೇಕು, ಮಂಡಿ ಲಂಬಕೋನದಲ್ಲಿರಬೇಕು. ನೆಲದ ಹಾಸಿಗೆಯಿಂದ ಏಳಲು ಕಷ್ಟಪಡುವವರಿಗೆ ಮಂಚ ಬಿಟ್ಟುಕೊಡಬೇಕಾದದ್ದು ಕಿರಿಯರು. ಕೈಗೆಟಕುವಲ್ಲಿ ಸ್ವಿಚ್ಚು, ಬಚ್ಚಲಿನ ದಾರಿಯಲ್ಲಿ ರಾತ್ರಿಯಿಡೀ ಉರಿಯುವ ಸಣ್ಣ ಎಲ್‌ಇಡಿ ದೀಪ. ವಯರನ್ನು ಗೋಡೆಯ ಅಂಚಿಗೆ ಟೇಪು ಹಾಕಿ ಕೂರಿಸಿ, ಕಾಲೊರಸಿನ ಅಡಿಗೆ ಜಾರದ ರಬ್ಬರು ಅಂಟಿಸಿ. ಸವೆದ ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿ ಹಿಡಿಯುವ ಪಾದರಕ್ಷೆ. ನೆಲಕ್ಕೆ ತಾಗುವ ಸೀರೆ, ನೈಟಿ, ಲುಂಗಿಯನ್ನು ಹಿಮ್ಮಡಿಗಿಂತ ಮೇಲಕ್ಕೆ. ದಿನಬಳಕೆಯ ಡಬ್ಬಿಗಳು ಸೊಂಟಕ್ಕೂ ಭುಜಕ್ಕೂ ನಡುವಿನ ಎತ್ತರದಲ್ಲಿ. ಮಾಳಾದ ಏಣಿ ಹತ್ತುವ ಕೆಲಸ ಹಿರಿಯರ ಪಾಲಿಗೆ ಬೇಡವೇ ಬೇಡ. ಊರುಗೋಲು ಇದ್ದರೆ ಅದರ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ತುದಿಯ ರಬ್ಬರ್ ಬುಷ್ ಸವೆದ ಕೂಡಲೇ ಬದಲಿಸಬೇಕು.

ಇವೆಲ್ಲ ಬರಿಯ ಅನುಭವದ ಮಾತಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಒರೆಹಚ್ಚಿ ನೋಡುವ ಕೊಕ್ರೇನ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಸಮೀಕ್ಷೆ 22 ಅಧ್ಯಯನಗಳನ್ನು ಪರಿಶೀಲಿಸಿದಾಗ, ಮನೆಯೊಳಗಿನ ಅಪಾಯಗಳನ್ನು ಗುರುತಿಸಿ ಸರಿಪಡಿಸಿದ್ದರಿಂದ ಬೀಳುವಿಕೆ ಶೇ 26ರಷ್ಟು ಇಳಿದಿತ್ತು. ಈಗಾಗಲೇ ಬಿದ್ದವರು, ನಿತ್ಯದ ಕೆಲಸಕ್ಕೆ ನೆರವು ಬೇಕಾದವರು ಮುಂತಾಗಿ ಹೆಚ್ಚು ಅಪಾಯದಲ್ಲಿದ್ದವರಲ್ಲಿ ಶೇ 38ರಷ್ಟು ಇಳಿದಿತ್ತು.

ಕೂರಿಸುವುದು ಮದ್ದಲ್ಲ

‘ಅಪ್ಪ, ನೀವು ಸುಮ್ಮನೆ ಕೂತ್ಕೊಳ್ಳಿ, ನಾನು ತಂದುಕೊಡ್ತೇನೆ.’ ಪ್ರೀತಿಯಿಂದ ಬಂದ ಮಾತು ಇದು. ದಿನವೂ ಹೇಳುತ್ತ ಬಂದರೆ ಅಪ್ಪನ ಕಾಲಿನ ಬಲವನ್ನು ತಿನ್ನುವುದೂ ಇದೇ ಮಾತು. 25 ದೇಶಗಳ 108 ಅಧ್ಯಯನಗಳನ್ನು ಪರಿಶೀಲಿಸಿದ 2019ರ ಇನ್ನೊಂದು ಕೊಕ್ರೇನ್ ಸಮೀಕ್ಷೆಯಲ್ಲಿ ವ್ಯಾಯಾಮದಿಂದ ಬೀಳುವಿಕೆ ಶೇ 23ರಷ್ಟು ಕಡಿಮೆಯಾಗಿತ್ತು. ಹೆಚ್ಚು ಫಲ ಕೊಟ್ಟದ್ದು ಸಮತೋಲವನ್ನೂ ಕಾಲಿನ ಬಲವನ್ನೂ ಬೆಳೆಸುವ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಇಂಥ ವ್ಯಾಯಾಮ ಬೇಕು ಎನ್ನುತ್ತದೆ.

ಇದಕ್ಕೆ ಜಿಮ್ ಬೇಕಿಲ್ಲ. ಅಡುಗೆ ಕಟ್ಟೆಯನ್ನು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಗೋಡೆಗೆ ಆನಿಸಿದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲುವುದು. ಪಕ್ಕದಲ್ಲಿ ಒಬ್ಬರು ಇರಬೇಕು. ಭಜನಾ ಮಂಡಳಿಗಳಲ್ಲಿ ತಾಳಕ್ಕೆ ಹಗುರವಾಗಿ ಹೆಜ್ಜೆ ಹಾಕುವ ಕುಣಿತ ಭಜನೆಯೂ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವ ಕೆಲಸವನ್ನೇ ಮಾಡಿಸುತ್ತದೆ. ಎದೆನೋವು, ಉಸಿರಾಟದ ತೊಂದರೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಮೊದಲು ವೈದ್ಯರನ್ನು ಕೇಳಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಕುರ್ಚಿಯಿಂದ ಎದ್ದು, ಮೂರು ಮೀಟರು ಎಂದಿನ ನಡಿಗೆಯಲ್ಲಿ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ತಿಳಿದು ವೈದ್ಯರನ್ನೋ ಫಿಸಿಯೋಥೆರಪಿಯವರನ್ನೋ ಕಾಣಬೇಕು.

ಬಿದ್ದ ಮೇಲೆ

ಬಿದ್ದವರನ್ನು ಕಂಡ ಕೂಡಲೇ ಕಂಕುಳಿಗೆ ಕೈ ಹಾಕಿ ಎತ್ತಬಾರದು. ಮೊದಲು ಮಾತಾಡಿಸಿ, ಎಲ್ಲಿ ನೋವು ಎಂದು ಕೇಳಬೇಕು. ತೊಡೆಯ ಸಂದಿಯಲ್ಲಿ ನೋವು, ಒಂದು ಕಾಲು ಗಿಡ್ಡವಾದಂತೆ ಕಾಣುವುದು, ಪಾದ ಹೊರಕ್ಕೆ ತಿರುಗಿರುವುದು ಸೊಂಟದ ಮೂಳೆ ಮುರಿದ ಲಕ್ಷಣ. ನಡೆಸಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ, 108ಕ್ಕೆ ಕರೆ ಮಾಡಿ. ಮೂಳೆ ಮುರಿದಿದ್ದರೆ ಶಸ್ತ್ರಚಿಕಿತ್ಸೆ ಒಂದೆರಡು ದಿನದೊಳಗೆ ಆದಷ್ಟೂ ಒಳ್ಳೆಯದು. ‘ನಾಲ್ಕು ದಿನ ನೋಡೋಣ’ ಎನ್ನುವುದು ದುಬಾರಿಯಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಹಿರಿಯರ ತಲೆಯೊಳಗಿನ ರಕ್ತಸ್ರಾವ ವಾರಗಳ ನಂತರವೂ ಮಂಕು, ತಲೆನೋವು, ಗೊಂದಲವಾಗಿ ಕಾಣಿಸಿಕೊಳ್ಳಬಹುದು.

ಪೆಟ್ಟಿಲ್ಲದಿದ್ದರೆ ತಾವೇ ಏಳುವ ಕ್ರಮವನ್ನು ಮೊದಲೇ ಅಭ್ಯಾಸ ಮಾಡಿಸಿರಬೇಕು. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಗಟ್ಟಿ ಕುರ್ಚಿಯ ತನಕ ತೆವಳಿ, ಅದರ ಮೇಲೆ ಕೈ ಊರಿ, ಬಲವಾದ ಕಾಲನ್ನು ಮುಂದಿಟ್ಟು ಎದ್ದು ಕೂರುವುದು.

ನೆಲದ ಮೇಲೆ ಗಂಟೆಗಟ್ಟಲೆ ಬಿದ್ದಿರುವುದೇ ಒಂದು ಅಪಾಯ. ಚಾಳಿನಲ್ಲಿ ಬಾಗಿಲು ಹಗಲಿಡೀ ತೆರೆದಿರುತ್ತದೆ. ಗೋಡೆ ತಟ್ಟಿದರೆ ಪಕ್ಕದ ಖೋಲಿಯವರು ಓಡಿಬರುತ್ತಾರೆ. ಅದೇ ಕುಟುಂಬ ಹತ್ತನೆಯ ಮಾಳಿಗೆಯ ಫ್ಲಾಟಿಗೆ ಹೋದಾಗ ಲಿಫ್ಟು ಸಿಕ್ಕಿತು, ಸ್ವಂತ ಶೌಚಾಲಯ ಸಿಕ್ಕಿತು, ಆದರೆ ಬಾಗಿಲು ಮುಚ್ಚಿತು. ಮಗ-ಸೊಸೆ ಎಂಟರ ಲೋಕಲ್ ಹಿಡಿದರೆ ಮರಳುವುದು ರಾತ್ರಿ. ಆದ್ದರಿಂದ ಎದುರು ಮನೆಯವರಲ್ಲಿ ಒಂದು ಕೀಲಿ ಇರಲಿ. ಮೊಬೈಲು ಹಿರಿಯರ ಸೊಂಟದ ಚೀಲದಲ್ಲೋ ಕೊರಳಲ್ಲೋ ಇರಲಿ, ಒಂದೇ ಗುಂಡಿಗೆ ಮಗಳ ನಂಬರು ಹೋಗಲಿ. ಮಧ್ಯಾಹ್ನ ನಿಗದಿತ ಹೊತ್ತಿಗೆ ಒಂದು ಫೋನು ತಪ್ಪದಿರಲಿ.

ಸರ್ಕಾರದ ನೆರವೂ ಇದೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. 2024ರ ಅಕ್ಟೋಬರ್ 29ರಿಂದ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ಸೌಲಭ್ಯವಿದೆ. ಮಹಾರಾಷ್ಟ್ರದ ಮುಖ್ಯಮಂತ್ರಿ ವಯೋಶ್ರೀ ಯೋಜನೆಯಲ್ಲಿ 65 ದಾಟಿದ, ಕುಟುಂಬದ ವಾರ್ಷಿಕ ಆದಾಯ 2 ಲಕ್ಷದೊಳಗಿರುವವರಿಗೆ ಕನ್ನಡಕ, ಊರುಗೋಲು, ಕಮೋಡ್ ಕುರ್ಚಿಯಂಥ ಸಾಧನಗಳಿಗೆಂದು 3,000 ರೂಪಾಯಿ ಸಿಗುತ್ತದೆ.

ಸಂಘಗಳ ಪಾಲಿನ ಕೆಲಸ

ಮುಂಬಯಿ ಕನ್ನಡಿಗರ ಶಕ್ತಿ ಇರುವುದು ಸಂಘಗಳಲ್ಲಿ. ಬಂಟರ ಸಂಘಕ್ಕೆ ಜೋಗೇಶ್ವರಿ-ದಹಿಸರ್ ಪ್ರಾದೇಶಿಕ ಸಮಿತಿಯಿದೆ, ಬಿಲ್ಲವರ ಅಸೋಸಿಯೇಶನ್ನಿಗೆ ಉಪನಗರಗಳಲ್ಲಿ ಸ್ಥಳೀಯ ಕಚೇರಿಗಳಿವೆ, ಪಕ್ಕದ ಅಂಧೇರಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯಿದೆ. ಇಂಥ ಸಂಘಟನೆಗಳ ವೈದ್ಯಕೀಯ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡುವ ಮೇಜುಗಳ ಪಕ್ಕದಲ್ಲಿ ಒಂದು ಕುರ್ಚಿ, ಮೂರು ಮೀಟರಿನ ಗೆರೆ, ಕೈಯಲ್ಲಿ ಗಡಿಯಾರ ಹಿಡಿದ ಒಬ್ಬ ಸ್ವಯಂಸೇವಕ ಸೇರಿದರೆ ಯಾರು ಬೀಳುವ ಅಂಚಿನಲ್ಲಿದ್ದಾರೆ ಎಂಬುದು ಅಲ್ಲೇ ತಿಳಿಯುತ್ತದೆ. ಯುವ ವಿಭಾಗದವರು ಡ್ರಿಲ್ ಮೆಷಿನ್ ಹಿಡಿದು ಭಾನುವಾರಗಳಂದು ಹಿರಿಯರಿರುವ ಮನೆಗಳಿಗೆ ಹೋಗಿ ಹಿಡಿಕೆ ಹಾಕಿಕೊಡಬಹುದು. ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಕುಳಿತಿರುವ ಕನ್ನಡಿಗರು ಮೆಟ್ಟಿಲಿನ ಎರಡೂ ಬದಿಗೆ ಹಿಡಿಕಂಬಿ, ಪ್ರತಿ ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ, ಆರಿದ ಬಲ್ಬಿಗೆ ಅದೇ ದಿನ ಬದಲಿ ಎಂಬ ಮೂರು ಮಾತನ್ನು ಎತ್ತಬಹುದು.

ಮನೆಯಲ್ಲಿ ಮಾಡಬೇಕಾದದ್ದು ಒಂದು ಪ್ರಶ್ನೆಯಿಂದ ಆರಂಭವಾಗುತ್ತದೆ. ಹಿರಿಯರು ಬಿದ್ದದ್ದನ್ನು ಮುಚ್ಚಿಡುತ್ತಾರೆ. ಗೊತ್ತಾದರೆ ಹೊರಗೆ ಬಿಡುವುದಿಲ್ಲ, ಊರಿಗೆ ಒಬ್ಬರನ್ನೇ ಕಳಿಸುವುದಿಲ್ಲ, ಮಕ್ಕಳಿಗೆ ಹೊರೆಯಾಗುತ್ತೇವೆ ಎಂಬ ಅಂಜಿಕೆ ಅವರಿಗೆ. ‘ಏನಿಲ್ಲ ಮಾರಾಯ, ಸ್ವಲ್ಪ ಎಡವಿದೆ’ ಎಂದು ಮಾತು ಹಾರಿಸುತ್ತಾರೆ. ‘ಈ ವರ್ಷ ಎಲ್ಲಾದರೂ ಬಿದ್ದಿರಾ? ಎಡವಿದಿರಾ?’ ಎಂದು ಗದರಿಕೆಯಿಲ್ಲದೆ ಕೇಳಬೇಕು. ಬಿದ್ದೆ ಎಂದರೆ, ‘ಇನ್ನು ಮೇಲೆ ಹೋಗಬೇಡಿ’ ಎನ್ನುವ ಮೊದಲು ‘ಎಲ್ಲಿ, ತೋರಿಸಿ’ ಎನ್ನಬೇಕು. ತೋರಿಸಿದ ಜಾಗವನ್ನು ಆ ವಾರವೇ ಸರಿಪಡಿಸಬೇಕು. ಹೇಳಿದ್ದಕ್ಕೆ ಸ್ವಾತಂತ್ರ್ಯ ಹೋಗುವುದಿಲ್ಲ, ಬದಲಿಗೆ ಗೋಡೆಗೆ ಒಂದು ಹಿಡಿಕೆ ಬರುತ್ತದೆ ಎಂದು ಒಮ್ಮೆ ಮನವರಿಕೆಯಾದರೆ ಮುಂದಿನ ಸಲ ಅವರು ತಾವಾಗಿಯೇ ಹೇಳುತ್ತಾರೆ.